ಹಳೆಯ ಗಣಕಕ್ಕೆ ಹೊಸ ಸ್ಮರಣೆ

ಹಗರಿಯ ಮರಳು ಗಾಳಿಗೆ ಏಳುವ ಬೊಮ್ಮನಹಾಳ್ ಸೀಮೆಯಲ್ಲಿ ಗಣಕದ ಪೆಟ್ಟಿಗೆಯೊಳಗೆ ಧೂಳು ಸೇರುವುದು ಸಹಜ. ಧೂಳಿನಿಂದ ಬಿಸಿಯೇರಿದ ಯಂತ್ರ ನಿಧಾನವಾಗುತ್ತದೆ. ಸ್ಮರಣೆ, ಅಂದರೆ ರ‍್ಯಾಮ್, ಸಾಲದಾದರೂ ನಿಧಾನವಾಗುತ್ತದೆ. ಎರಡಕ್ಕೂ ಪರಿಹಾರವುಂಟು. ಆದರೆ ಕನ್ನಡ ಬಳಸಿದ್ದರಿಂದಲೇ ಯಂತ್ರ ತಡವರಿಸುತ್ತಿದೆ ಎಂದು ಭಾವಿಸಿ ಮಕ್ಕಳ ಕನ್ನಡ ಬರವಣಿಗೆಯನ್ನು ಗಣಕದಿಂದ ದೂರವಿಡುವುದು ತಪ್ಪು.

ಗಣಕಕ್ಕೆ ಕನ್ನಡ ಕಲಿಸಲು ಪ್ರತ್ಯೇಕ ಕಾರ್ಡೇ ಬೇಕಾಗಿದ್ದ ಕಾಲವೊಂದಿತ್ತು. ಕಾನ್ಪುರದ ಐಐಟಿಯ ಸಂಶೋಧನೆಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಮದರ್‌ಬೋರ್ಡಿನ ಖಾಲಿ ಸ್ಲಾಟಿನಲ್ಲಿ ಕೂರಿಸಿದರೆ, ಇಂಗ್ಲಿಷ್ ಮಾತ್ರ ಬಲ್ಲ ಡಾಸ್ ತಂತ್ರಾಂಶಗಳಲ್ಲಿಯೂ ಕನ್ನಡ, ತೆಲುಗು ಮೊದಲಾದ ಲಿಪಿಗಳು ಮೂಡುತ್ತಿದ್ದವು. 1991ರಲ್ಲಿ ಈ ಲಿಪಿಗಳ ‘ಇಸ್ಕಿ’ ಸಂಕೇತಗಳಿಗೆ ರಾಷ್ಟ್ರೀಯ ಮಾನಕದ ಮನ್ನಣೆ ದೊರೆಯಿತು. ಅದರೊಂದಿಗೆ ಸೇರಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಒಂದೇ ಕೀಲಿ. ಗಡಿನಾಡಿನ ಮಗು ಒಂದನ್ನು ಕಲಿತರೆ ಇನ್ನೊಂದು ಬಹುಮಟ್ಟಿಗೆ ಬಂದಂತೆಯೇ.

ಈಗ ಯೂನಿಕೋಡಿನಿಂದಾಗಿ ಆ ಕಾರ್ಡು ಬೇಕಿಲ್ಲ. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟುಗಳು ಸಾಕು. ಪುಟವೊಂದರಲ್ಲಿ 2000 ಸಂಕೇತಗಳಿದ್ದರೂ 6000 ಬೈಟು. 4 ಜಿಬಿ ಸ್ಮರಣೆಯೆಂದರೆ 400 ಕೋಟಿಗೂ ಹೆಚ್ಚು ಬೈಟು. ಸ್ಮರಣೆಯನ್ನು ತುಂಬುವುದು ಅಕ್ಷರಗಳಲ್ಲ. ಏಕಕಾಲಕ್ಕೆ ತೆರೆದಿಟ್ಟ ಜಾಲಪುಟಗಳು, ವಿಡಿಯೊಗಳು.

ವಿಂಡೋಸ್ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸ್ಮರಣೆಯ ಬಳಕೆ ಕಾಣುತ್ತದೆ. ಅದು ಸದಾ ತುಂಬಿರುವಂತಿದ್ದರೆ ಮಾತ್ರ ರ‍್ಯಾಮ್ ಹೆಚ್ಚಿಸುವುದರಿಂದ ಪ್ರಯೋಜನ. ಕೊಳ್ಳುವ ಮೊದಲು ಅದರ ಜಾತಿ ತಿಳಿದಿರಬೇಕು. ಡೆಸ್ಕ್‌ಟಾಪಿನ ಡಿಡಿಆರ್3 ಪಟ್ಟಿಗೆ 240 ಪಿನ್ನುಗಳು, ಡಿಡಿಆರ್4ಕ್ಕೆ 288. ಅಂಚಿನ ಕಚ್ಚುಗಳ ಸ್ಥಾನವೂ ಬೇರೆ. ಒಂದರ ಸ್ಥಾನದಲ್ಲಿ ಮತ್ತೊಂದು ಕೂರದು. ಬಲವಂತ ಮಾಡಿದರೆ ಮುರಿದೀತು. ವಿಂಡೋಸ್ 32-ಬಿಟ್ಟಿನದಾಗಿದ್ದರೆ ಮನೆಬಳಕೆಯ ಆವೃತ್ತಿಗಳಲ್ಲಿ 4 ಜಿಬಿಗಿಂತ ಹೆಚ್ಚು ಹಾಕಿದ ಹಣ ವ್ಯರ್ಥ.

ಕೆಲಸಕ್ಕೆ ತೊಡಗುವಾಗ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಿತ್ತಿಡಬೇಕು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಧೂಳನ್ನು ಮೃದುವಾದ ಕುಂಚದಿಂದ ತೆಗೆದು, ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಮುಟ್ಟದೆ, ಕಚ್ಚು ಹೊಂದಿಸಿ, ಕೊನೆಯ ಕ್ಲಿಪ್ಪುಗಳು ‘ಟಿಕ್’ ಎನ್ನುವಂತೆ ನೇರವಾಗಿ ಒತ್ತಬೇಕು. ಬಳಿಕ ಯಂತ್ರ ಬೀಪ್ ಎಂದು ಕೂಗಿ ಪರದೆ ಬರಿದಾಗಿದ್ದರೆ ಗಾಬರಿ ಬೇಡ. ಬಹುತೇಕ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ. ಮತ್ತೆ ತಂತಿ ಕಿತ್ತು, ತೆಗೆದು ಕೂರಿಸಿದರಾಯಿತು. ವೈಫೈ, ಗ್ರಾಫಿಕ್ಸ್ ಕಾರ್ಡುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಹಿರಿಯರು ಈ ಕೆಲಸ ಮಾಡುವಾಗ ಮಕ್ಕಳನ್ನು ದೂರ ಕಳುಹಿಸದೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಲೇಸು. ಪೆಟ್ಟಿಗೆ ಮುಚ್ಚಿದ ಮೇಲೆ ಮೊದಲ ಪುಟವನ್ನು ಅವರು ಕನ್ನಡದಲ್ಲಿಯೇ ಬರೆಯಲಿ.