ರಸ್ಟ್ ಸ್ಟ್ರಕ್ಟನ್ನ ಸಿ ಮುಂದೆ ಬಿಚ್ಚಿಡಬೇಕಾ?

ರಸ್ಟ್‌ನಲ್ಲಿ ಬರೆದುಬಿಟ್ರೆ ಮೆಮೊರಿ ತಾಪತ್ರಯ ಮುಗೀತು ಅನ್ನೋ ಮಾತು ಈಗ ಎಲ್ಲ ಕಡೆ ಕೇಳ್ತೀವಿ. ಒಪ್ಪಿದೆ. ಆದ್ರೆ ಆ ಕೋಡನ್ನ ಒಂದು ಹಳೇ ಸಿ ಪ್ರೋಗ್ರಾಮ್ ಕರೆಯೋ ಜಾಗ ಇದೆಯಲ್ಲ, ಅಲ್ಲಿಗೆ ಕಂಪೈಲರ್‌ನ ಕಾವಲು ಮುಗೀತು. ನಮ್ಮ ತುಂಗಭದ್ರಾ ಅಣೆಕಟ್ಟಿನ ಗೋಡೆ ಗಟ್ಟಿಯಾಗೇ ಇತ್ತು, 2024ರ ಆಗಸ್ಟ್‌ನಲ್ಲಿ ಚೈನು ತುಂಡಾಗಿ ಕೊಚ್ಚಿಹೋಗಿದ್ದು 19ನೇ ಗೇಟು...

ನನ್ನ ವಾದ ಇಷ್ಟೇ. ರಸ್ಟ್ ಸ್ಟ್ರಕ್ಟಿನ ಒಳಗನ್ನ ಸಿಗೆ ತೋರಿಸಬೇಡಿ. ಒಂದು ಪಾಯಿಂಟರ್ ಕೊಡಿ, ಬೇಕಾದ್ದನ್ನ ಫಂಕ್ಷನ್ ಕರೆದು ಕೇಳಲಿ.

ನಮ್ಮ ಜಿಲ್ಲೆಯ ಹಳೇ ನಾಲ್ಕು ತಾಲೂಕುಗಳನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಯೋಚಿಸೋ ಸಿ ಪ್ರೋಗ್ರಾಮರು ಹೆಸರಿಗೆ 20 ಬೈಟಿನ ಅರೇ ಇಟ್ಟು, ಧಾರಾಳ ಆಯ್ತು ಅಂದ್ಕೋತಾರೆ. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಹಲಂತ ಪ್ರತಿಯೊಂದಕ್ಕೂ 3 ಬೈಟು. ಕೊಪ್ಪಳ 18, ಗಂಗಾವತಿ 21, ಕುಷ್ಟಗಿ 21, ಯಲಬುರ್ಗಾ 24. ಸಿಗೆ ಕೊನೆಯಲ್ಲಿ ಒಂದು ಸೊನ್ನೆ ಬೈಟೂ ಬೇಕು (ರಸ್ಟ್ ಸ್ಟ್ರಿಂಗಿನಲ್ಲಿ ಅದು ಇರೋದೇ ಇಲ್ಲ). ಅಂತೂ ಜಿಲ್ಲಾ ಕೇಂದ್ರ ಒಂದೇ ಹಿಡೀತು :-) ಸರಿ, 32 ಮಾಡೋಣ ಅಂದ್ರೆ ಆ ಸ್ಟ್ರಕ್ಟನ್ನ ನೋಡ್ತಿದ್ದ ಎಲ್ಲ ಸಿ ಪ್ರೋಗ್ರಾಮುಗಳನ್ನೂ ಮತ್ತೆ ಕಂಪೈಲ್ ಮಾಡ್ಬೇಕು. ಬರೀ ಪಾಯಿಂಟರ್ ಕೊಟ್ಟಿದ್ರೆ ಈ ಗೋಳೇ ಇಲ್ಲ.

ರೆಪ್ರ್-ಸಿ ಹಾಕಿದ್ರಾಯ್ತಲ್ಲ ಅಂತೀರಿ. ಹಾಕದೇ ಇದ್ರೆ ರಸ್ಟ್ ಫೀಲ್ಡುಗಳನ್ನ ತನಗೆ ಬೇಕಾದ ಹಾಗೆ ಹಿಂದೆಮುಂದೆ ಜೋಡಿಸಿಕೊಳ್ಳುತ್ತೆ, ನಿಜ. ಆದ್ರೆ ಅದು ಸರಿಮಾಡೋದು ಜೋಡಣೆಯನ್ನಷ್ಟೇ. ಯಾರು ಫ್ರೀ ಮಾಡ್ಬೇಕು ಅಂತ ಹೇಳಲ್ಲ. ರಸ್ಟ್ ಕೊಟ್ಟ ಸ್ಟ್ರಿಂಗನ್ನ ಸಿ ತನ್ನ ಫ್ರೀಗೆ ಕೊಡೋ ಹಾಗಿಲ್ಲ, ರಸ್ಟಿಗೇ ವಾಪಸ್ ಕೊಡ್ಬೇಕು. ಇದನ್ನ ಹೆಡರ್‌ನಲ್ಲಿ ಬರೆದಿಡೋರು ಕಮ್ಮಿ.

ಫಂಕ್ಷನ್ ಪಾಯಿಂಟರ್ ವಿಷಯದಲ್ಲಿ ಹಾರ್ಫ್‌ಬಝ್ ನೋಡಿ ಕಲೀಬೇಕು. ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಕನ್ನಡದ ಒತ್ತಕ್ಷರ ಜೋಡಿಸೋದು ಅದೇ. ಯಲಬುರ್ಗಾದ ಅರ್ಕಾವತ್ತು ನಿಮಗೆ ಕಾಣ್ತಿರೋದೂ ಅದರ ಕೃಪೆ. ಒಳಗೆ ಸಿ++, ಹೊರಗೆ ಸಿ. ಅದಕ್ಕೆ ಕಾಲ್‌ಬ್ಯಾಕ್ ಕೊಡುವಾಗ ಜೊತೆಗೆ ನಿಮ್ಮ ಡೇಟಾದ ಪಾಯಿಂಟರು, ಆ ಡೇಟಾವನ್ನ ಕೊನೆಗೆ ಅಳಿಸೋ ಫಂಕ್ಷನ್ನು, ಮೂರೂ ಒಟ್ಟಿಗೆ ಹೋಗುತ್ತೆ. ಸುತ್ತಲಿನ ವೇರಿಯಬಲ್‌ಗಳನ್ನ ಹೊತ್ಕೊಂಡ ರಸ್ಟ್ ಕ್ಲೋಷರನ್ನ ಸಿಗೆ ನೇರವಾಗಿ ಕೊಡಕ್ಕಾಗಲ್ಲ, ಹಾಗಾಗಿ ನಮಗೂ ಇದೇ ದಾರಿ. ಸಿ ಕಡೆಯಿಂದ ನಲ್ ಬರಬಹುದಾದ ಕಡೆ ಆಪ್ಷನ್ ಇಡಿ. ಪ್ಯಾನಿಕ್ ಗಡಿ ದಾಟದಂತೆ ಒಳಗೇ ಹಿಡೀರಿ. 2024ರ ರಸ್ಟ್ 1.81ರಿಂದ ಎಕ್ಸ್‌ಟರ್ನ್-ಸಿ ಫಂಕ್ಷನ್ ದಾಟೋ ಪ್ಯಾನಿಕ್ ಇಡೀ ಪ್ರೋಗ್ರಾಮನ್ನೇ ಅಲ್ಲೇ ಕೆಡವುತ್ತೆ.

ಗ್ನೋಮ್‌ನವರ ಲಿಬ್‌ಆರ್‌ಎಸ್‌ವಿಜಿ 2016ರಿಂದ ಸ್ವಲ್ಪಸ್ವಲ್ಪವಾಗಿ ಸಿಯಿಂದ ರಸ್ಟಿಗೆ ಬಂತು. ಹೊರಗಿನ ಸಿ ಎಪಿಐ ಉಳಿಸಿಕೊಂಡಿದ್ದಕ್ಕೇ ಅದನ್ನ ಬಳಸ್ತಿದ್ದ ಪ್ರೋಗ್ರಾಮುಗಳಿಗೆ ಒಳಗಿನ ಈ ಸ್ಥಳಾಂತರದ ಬಿಸಿ ತಟ್ಟಲಿಲ್ಲ.

ಎಕ್ಸ್, ವೈ ಎರಡೇ ಇರೋ ಪುಟ್ಟ ಸ್ಟ್ರಕ್ಟಿಗೂ ಈ ಮಡಿ ಬೇಕಾ ಅಂದ್ರೆ, ಬೇಡ. ಅದು ಬದಲಾಗೋದಿಲ್ಲ. ಆದ್ರೆ ಲಕ್ಷಗಟ್ಟಲೆ ದಾಖಲೆ ಇದ್ದು, ಒಂದೊಂದು ಫೀಲ್ಡಿಗೂ ಒಂದೊಂದು ಕರೆ ಭಾರ ಅನ್ಸೋ ಕಡೆ ನೀವೇನು ಮಾಡ್ತೀರಿ?