ಸಕುಟುಂಬ ಪರದೇಶಯಾತ್ರೆ

“ದೇಶ ಸುತ್ತಿ ನೋಡು, ಕೋಶ ಓದಿ ನೋಡು” ಎಂಬ ಗಾದೆಯು ನಮ್ಮಲ್ಲಿ ಆಬಾಲವೃದ್ಧರಿಗೂ ಪರಿಚಿತವಾದುದು. ಬಹುಕಾಲ ವ್ಯಾಕರಣವನ್ನು ಪಾಠ ಹೇಳಿದವನಿಗೆ ಇದರಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಇಲ್ಲಿಯ ಕ್ರಿಯಾಪದಗಳೆಲ್ಲವೂ ಏಕವಚನದಲ್ಲಿವೆ. ಸುತ್ತುವವನು ಒಬ್ಬ, ಓದುವವನೂ ಒಬ್ಬ. ಹಿಂದಿನವರು ದೇಶಾಟನವನ್ನು ಪುರುಷನೊಬ್ಬನ ವಿದ್ಯೆಯ ಅಂಗವೆಂದು ಎಣಿಸಿದರೇ ಹೊರತು ಮನೆಮಂದಿಗೆಲ್ಲ ಸಲ್ಲತಕ್ಕ ಭಾಗ್ಯವೆಂದು ಎಣಿಸಲಿಲ್ಲ. ಯಜಮಾನನು ದೇಶವನ್ನು ಕಂಡು ಬರುವನು. ಗೃಹಿಣಿಯು ಹೊಸ್ತಿಲೊಳಗೆ ನಿಂತು ಅವನ ಬಾಯಿಂದ ದೇಶವನ್ನು ಕೇಳುವಳು. ಈ ಸಂಚಿಕೆಯಲ್ಲಿ ನಾನು ವಿಚಾರಿಸಬೇಕೆಂದಿರುವುದು ಬಹುವಚನದ ಯಾತ್ರೆಯನ್ನು: ಅಜ್ಜಿಯಿಂದ ಮೊಮ್ಮಗನವರೆಗೆ ಮನೆಯವರೆಲ್ಲರೂ ಕೂಡಿ ಪರದೇಶವೊಂದನ್ನು ಕಂಡು ಬಂದರೆ ಆ ಕುಟುಂಬಕ್ಕೆ ದೊರೆಯುವ ಲಾಭವೇನು?

“ಪರದೇಶ” ಎಂದೊಡನೆ ವಾಚಕರು ಬೆಚ್ಚಬೇಕಾಗಿಲ್ಲ. ಯಾವುದು ಸ್ವದೇಶ, ಯಾವುದು ಪರದೇಶ ಎಂಬುದು ಕಾಲಕಾಲಕ್ಕೆ ಬದಲಾಗತಕ್ಕ ಮಾತು. ೧೯೪೮ರವರೆಗೆ ನಮ್ಮ ರಾಮಸಮುದ್ರ, ಯಾದಗಿರಿ, ಶಹಾಪುರ, ಸುರಪುರಗಳೆಲ್ಲವೂ ನಿಜಾಮರ ರಾಜ್ಯದಲ್ಲಿದ್ದುವು. ಆಗ ಇಲ್ಲಿಯವರು ವಿಜಾಪುರಕ್ಕೋ ಸೊಲ್ಲಾಪುರಕ್ಕೋ ಹೋಗಬೇಕಾದರೆ ಸೀಮೆಯನ್ನು ದಾಟಬೇಕಾಗಿತ್ತು. ಅಲ್ಲಿ ಆಳಿಕೆ ಬೇರೆ, ಅಂಚೆಯ ಚೀಟಿ ಬೇರೆ, ನಾಣ್ಯವೂ ಬೇರೆ. ಹೈದರಾಬಾದಿನ ಹಾಲಿ ಸಿಕ್ಕಾ ೭ ರೂಪಾಯಿಗಳಿಗೆ ಬ್ರಿಟಿಷ್ ರೂಪಾಯಿ ೬ ಎಂಬ ಲೆಕ್ಕವಿತ್ತು. ಅಂದರೆ ನಮ್ಮ ಅಜ್ಜಂದಿರು ಕನ್ನಡ ಮಾತನಾಡುವ ನೆಂಟರ ಊರಿಗೆ ಹೋಗುವಾಗಲೇ ಹಣವನ್ನು ಬದಲಿಸಿಕೊಳ್ಳುತ್ತಿದ್ದರು! ಇನ್ನು ನಮ್ಮ ನೆರೆಯ ಮುಸಲ್ಮಾನ ಮನೆತನಗಳಲ್ಲಿ ಹಜ್ ಯಾತ್ರೆಯ ನಿಮಿತ್ತವಾಗಿ ಸಮುದ್ರವನ್ನು ದಾಟಿದವರು ತಲೆಮಾರುಗಳಿಂದಲೂ ಉಂಟು. ಮುಂಬಯಿಯಿಂದ ಹೊರಡುತ್ತಿದ್ದ ಹಜ್ಜಿನ ಹಡಗುಗಳು ನಿಂತುದು ೧೯೯೫ರಲ್ಲಿ. ಆದುದರಿಂದ ಪರದೇಶವೆಂಬುದು ಧನಿಕರಿಗೆ ಮಾತ್ರ ಮೀಸಲಾದ ವಸ್ತುವೆಂದು ಭಾವಿಸುವುದು ಉಚಿತವಲ್ಲ.

ನಮ್ಮಂಥ ಸಾಧಾರಣ ಗೃಹಸ್ಥರಿಗೆ ಅತ್ಯಂತ ಸುಲಭವಾದ ಪರದೇಶವು ನೇಪಾಳ. ಭಾರತ-ನೇಪಾಳಗಳ ನಡುವೆ ೧೯೫೦ರಲ್ಲಿ ಆದ ಮೈತ್ರಿಯ ಒಪ್ಪಂದವು ಇಂದಿಗೂ ನಡೆದುಬಂದಿರುವುದರಿಂದ, ನಮ್ಮವರು ಅಲ್ಲಿಗೆ ಹೋಗಲು ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲದವರಿಗೆ ಮತದಾರರ ಗುರುತಿನ ಚೀಟಿ ಸಾಕು. ಗಂಡ, ಹೆಂಡತಿ, ತಂದೆತಾಯಿ, ಅಪ್ರಾಪ್ತ ವಯಸ್ಸಿನ ಮಕ್ಕಳು ಕೂಡಿ ಹೊರಟಾಗ, ಹಿರಿಯರಲ್ಲಿ ಒಬ್ಬರ ಬಳಿ ಅಧಿಕೃತವಾದ ಪತ್ರವಿದ್ದರೆ, ಉಳಿದವರು ತಮ್ಮ ಭಾವಚಿತ್ರವನ್ನೂ ಪರಸ್ಪರ ಸಂಬಂಧವನ್ನೂ ತೋರಿಸುವ ಪಡಿತರ ಚೀಟಿಯನ್ನೋ ಶಾಲೆಯ ಗುರುತಿನ ಚೀಟಿಯನ್ನೋ ತೋರಿಸಬಹುದೆಂದು ನಮ್ಮ ಸರಕಾರದ ನಿಯಮವಿದೆ. ನಿಯಮಗಳು ಮಾರ್ಪಡುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು. ಆದರೆ ಈ ನಿಯಮದ ಅರ್ಥವು ಮನನೀಯವಾಗಿದೆ. ಒಬ್ಬಂಟಿಗನು ಸ್ವತಂತ್ರವಾಗಿ ತನ್ನ ಗುರುತನ್ನು ಸಿದ್ಧಪಡಿಸಬೇಕು. ಕುಟುಂಬದಲ್ಲಿರುವವನಿಗೆ ಸಂಬಂಧವೇ ಅರ್ಧ ಗುರುತು.

ಇಂತು ಹೋದವರು ಕಾಣುವುದೇನು? ಮೊದಲನೆಯದಾಗಿ, ತಮ್ಮ ಊರನ್ನೇ ಕಾಣುವರು. ಇದು ಚಮತ್ಕಾರದ ಮಾತಲ್ಲ. ನಮ್ಮ ಭೀಮಾತೀರದ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆಂದು ಹೋಗದ ಮನೆ ಈ ಭಾಗದಲ್ಲಿ ವಿರಳ. ೧೯೮೬ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಛಾವಣಿ ಕುಸಿದಾಗ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕ ಚಕ್ರವರ್ತಿಯ ಪ್ರಾಕೃತ ಶಾಸನವು ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಡನೆ ನಿಂತ ಅರಸನ ಶಿಲ್ಪವೂ, ಅದರ ಮೇಲೆ “ರಾಯ ಅಸೋಕೋ” ಎಂಬ ಬ್ರಾಹ್ಮೀ ಲಿಪಿಯ ಬರಹವೂ ದೊರೆತುವು. ನಮ್ಮ ಮಕ್ಕಳಿಗೆ ಇದು ಪಠ್ಯಪುಸ್ತಕದ ಒಂದು ವಾಕ್ಯ; ಪರೀಕ್ಷೆ ಮುಗಿದೊಡನೆ ಮರೆತುಹೋಗುವುದು. ಅದೇ ಮಕ್ಕಳು ನೇಪಾಳದ ತರಾಯಿಯಲ್ಲಿರುವ ಲುಂಬಿನಿಗೆ ಹೋಗಿ, ಅದೇ ಅಶೋಕನು ಪಟ್ಟಾಭಿಷಿಕ್ತನಾಗಿ ೨೦ ವರ್ಷಗಳಾದ ಮೇಲೆ ಸ್ವತಃ ಬಂದು ಪೂಜಿಸಿ, ಬುದ್ಧನು ಹುಟ್ಟಿದ ಆ ಗ್ರಾಮದ ಕಂದಾಯವನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದನೆಂದು ಸಾರುವ ಕಂಬದ ಮುಂದೆ ನಿಂತರೆ, ಅಕ್ಷರಗಳ ಬಳಗವನ್ನು ಗುರುತಿಸುವರು. “ಇದು ನಮ್ಮ ಸನ್ನತಿಯ ಅಕ್ಷರವಲ್ಲವೇ?” ಎಂದು ಒಂದು ಮಗು ಕೇಳಿದರೆ ಸಾಕು, ಯಾತ್ರೆಯ ವೆಚ್ಚವು ಸಾರ್ಥಕವಾಯಿತು. ತವರನ್ನು ದೂರದಿಂದ ನೋಡಿದಾಗಲೇ ಅದರ ಬೆಲೆ ತಿಳಿಯುವುದೆಂಬುದನ್ನು ಮದುವೆಯಾಗಿ ಬಂದ ಸೋದರಿಯರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದಾಗಿ, ನಮ್ಮವರು ಹಿಂದೆ ಎಷ್ಟು ದೂರ ನಡೆದಿದ್ದರೆಂಬುದನ್ನು ಕಾಣುವರು. ೧೦೯೭ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ರಾಜ್ಯವನ್ನು ಸ್ಥಾಪಿಸಿದನು. ಆ ವಂಶಕ್ಕೆ “ಕರ್ಣಾಟ ವಂಶ”ವೆಂದೇ ಹೆಸರು. ಕಲ್ಯಾಣದ ಚಾಲುಕ್ಯರ ದಂಡಯಾತ್ರೆಗಳ ಕಾಲದಲ್ಲಿ ಉತ್ತರಕ್ಕೆ ಹೋಗಿ ನೆಲೆಸಿದವರೆಂದು ವಿದ್ವಾಂಸರು ಊಹಿಸುತ್ತಾರೆ. ಅವರ ರಾಜಧಾನಿಯಾಗಿದ್ದ ಸಿಮ್ರೌನಗಢವು ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ೧೩೨೪ರ ಸುಮಾರಿಗೆ ದಿಲ್ಲಿಯ ತುಘಲಕನ ದಾಳಿಗೆ ಸಿಕ್ಕಿ ಆ ವಂಶದ ಹರಿಸಿಂಹದೇವನು ಬೆಟ್ಟಗಳ ಕಡೆಗೆ ಓಡಬೇಕಾಯಿತು. ನೇಪಾಳದ ಮಲ್ಲ ಅರಸರು ಮುಂದೆ ಅವನ ಸಂತತಿಯವರೆಂದು ಹೇಳಿಕೊಂಡರು. ಭಕ್ತಪುರದಲ್ಲಿ ವೀರಶೈವ ಪರಂಪರೆಯ ಜಂಗಮ ಮಠವೊಂದಿದೆ. ಕಾಠಮಾಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಬಹುಮಟ್ಟಿಗೆ ನಮ್ಮ ಕರ್ನಾಟಕದವರು.

ಈ ಅರ್ಚಕರ ವಿಷಯದಲ್ಲಿ ಒಂದು ಪ್ರಸಂಗವನ್ನು ಮಕ್ಕಳಿಗೆ ಹೇಳತಕ್ಕದ್ದು. ೨೦೦೮ರಲ್ಲಿ ನೇಪಾಳದಲ್ಲಿ ರಾಜತ್ವವು ಕೊನೆಗೊಂಡಿತು. ಆಮೇಲೆ, “ನಮ್ಮ ದೇವಾಲಯಕ್ಕೆ ಹೊರದೇಶದ ಅರ್ಚಕರೇಕೆ?” ಎಂಬ ಪ್ರಶ್ನೆ ಎದ್ದು, ೨೦೦೯ರಲ್ಲಿ ಅವರ ಸ್ಥಾನಕ್ಕೆ ನೇಪಾಳೀಯರನ್ನು ನೇಮಿಸುವ ಪ್ರಯತ್ನ ನಡೆಯಿತು. ಹೊಸದಾಗಿ ನೇಮಕಗೊಂಡ ಕನ್ನಡಿಗ ಅರ್ಚಕರ ಮೇಲೆ ಕೈಮಾಡುವ ಮಟ್ಟಕ್ಕೂ ವಿವಾದವು ಹೋಯಿತು. ಕಡೆಗೆ ಹಳೆಯ ಪದ್ಧತಿಯೇ ಉಳಿಯಿತು. ಇದನ್ನು ಕೇಳಿದಾಗ ನಮ್ಮ ರಕ್ತವು ಕುದಿಯುವುದು ಸಹಜ. ಆದರೆ ಅಲ್ಲಿಗೇ ನಿಲ್ಲದೆ ಮುಂದಕ್ಕೆ ಯೋಚಿಸಬೇಕು. ನಮ್ಮವರು ಅಲ್ಲಿ ಪರಕೀಯರಾದಂತೆ, ನಮ್ಮ ಪಟ್ಟಣಗಳ ಉಪಾಹಾರಗೃಹಗಳಲ್ಲಿ ತಟ್ಟೆ ತೊಳೆಯುವ, ರಾತ್ರಿ ಕಾವಲು ಕಾಯುವ ನೇಪಾಳಿ ತರುಣನು ಇಲ್ಲಿ ಪರಕೀಯನು. ಅವನನ್ನು ನಾವು ಹೆಸರಿನಿಂದ ಕರೆಯುತ್ತೇವೆಯೋ, ಜಾತಿವಾಚಕದಿಂದಲೋ? ಪರದೇಶದಲ್ಲಿ ದಾರಿ ತಪ್ಪಿ, ಭಾಷೆ ಬಾರದೆ, ಅಪರಿಚಿತನೊಬ್ಬನ ಸೌಜನ್ಯದಿಂದ ವಸತಿಗೃಹವನ್ನು ಸೇರಿದ ಕುಟುಂಬವು, ಮರಳಿ ಬಂದ ಮೇಲೆ ತನ್ನೂರಿನ ಪರದೇಶಿಯನ್ನು ಬೇರೆ ಕಣ್ಣಿನಿಂದ ನೋಡುವುದು. “ಪರದೇಶಿ” ಎಂಬ ಪದಕ್ಕೆ ಕನ್ನಡದಲ್ಲಿ “ದಿಕ್ಕಿಲ್ಲದವನು” ಎಂಬ ಅರ್ಥವೂ ಬಂದಿರುವುದು ಅಕಸ್ಮಾತ್ತಾಗಿ ಅಲ್ಲ.

ಮೂರನೆಯ ಲಾಭವು ಮನೆಯೊಳಗಿನದು. ಮನೆಯಲ್ಲಿ ಪ್ರತಿಯೊಬ್ಬರ ಸ್ಥಾನವೂ ನಿಶ್ಚಿತವಾಗಿರುತ್ತದೆ: ತಂದೆ ಬಲ್ಲವನು, ತಾಯಿ ಬಡಿಸುವವಳು, ಮಗನು ಬೈಸಿಕೊಳ್ಳುವವನು. ಗಡಿಯನ್ನು ದಾಟಿದೊಡನೆ ಈ ವ್ಯವಸ್ಥೆಯು ಸಡಿಲವಾಗುತ್ತದೆ. ನಾವು ಮನೆಮಂದಿ ಆರು ಜನ ಆ ಕಡೆಗೆ ಹೋಗಿದ್ದಾಗ, ನೇಪಾಳದ ಗಡಿಯಾರವು ನಮ್ಮದಕ್ಕಿಂತ ೧೫ ನಿಮಿಷ ಮುಂದಿರುವುದನ್ನು ಎಲ್ಲರಿಗಿಂತ ಮೊದಲು ನೆನಪಿಟ್ಟವಳು ಒಂಬತ್ತು ವರ್ಷದ ಮೊಮ್ಮಗಳು. ನಮ್ಮ ೧೦೦ ರೂಪಾಯಿಗೆ ಅಲ್ಲಿಯ ೧೬೦ ರೂಪಾಯಿ ಎಂಬ ಲೆಕ್ಕವನ್ನು ಅಂಗಡಿಯ ಮುಂದೆ ಬಾಯಲ್ಲೇ ಮಾಡಿ, ಹೆಚ್ಚು ಕೇಳಿದವನನ್ನು ತಡೆದವಳು ನನ್ನ ಸೊಸೆ. ಯಾದಗಿರಿಯ ಸಂತೆಯಲ್ಲಿ ಆಕೆಯ ಈ ಚಾತುರ್ಯವನ್ನು ಕಾಣುವ ಅವಕಾಶವು ನಮಗೆ ಒದಗಿರಲಿಲ್ಲ. ದೇವನಾಗರಿಯ ಫಲಕಗಳನ್ನು ಓದಿ ಹೇಳುವುದಷ್ಟೇ ನನ್ನ ಪಾಲಿಗೆ ಉಳಿದ ಪಾಂಡಿತ್ಯ. ಅಲ್ಲಿ ವಿಕ್ರಮ ಸಂವತ್ಸರವು ನಡೆಯುವುದರಿಂದ ಪಂಚಾಂಗದಲ್ಲಿ ನಮ್ಮ ಇಸವಿಗಿಂತ ಸುಮಾರು ೫೭ ವರ್ಷ ಹೆಚ್ಚಿರುವುದನ್ನು ಕಂಡು, ನನ್ನ ಮನೆಯವರು, “ಹಾಗಾದರೆ ಇಲ್ಲಿಗೆ ಬಂದು ನಾವು ಮತ್ತಷ್ಟು ಮುದುಕರಾದೆವು” ಎಂದು ನಕ್ಕರು. ಮನೆಯವರು ಒಬ್ಬರನ್ನೊಬ್ಬರು ಹೊಸದಾಗಿ ಪರಿಚಯಿಸಿಕೊಳ್ಳುವುದಕ್ಕೆ ಇಷ್ಟು ದೂರ ಹೋಗಬೇಕೇ ಎಂದು ಕೇಳಿದರೆ, ಹೋಗಬೇಕಾಗುತ್ತದೆ ಎಂಬುದೇ ನನ್ನ ಉತ್ತರ.

ಆದರೆ ಇಲ್ಲಿ ಒಂದು ನಿಷ್ಠುರವಾದ ಮಾತನ್ನು ಆಡಬೇಕಾಗಿದೆ. ನಮ್ಮ ಊರುಗಳಲ್ಲಿ “ಮನೆಯವರೆಲ್ಲ ಯಾತ್ರೆಗೆ ಹೋದರು” ಎಂದರೆ, ದನಕರುಗಳನ್ನು ನೋಡಿಕೊಳ್ಳಲು ಸೊಸೆಯೊಬ್ಬಳು, ಬಾಗಿಲು ಕಾಯಲು ಮುದುಕಿಯೊಬ್ಬಳು ಉಳಿದೇ ಇರುತ್ತಾರೆ. “ಎಲ್ಲ” ಎಂಬ ಪದದಲ್ಲಿ ಅವರ ಲೆಕ್ಕವಿಲ್ಲ. ಇನ್ನು ಕೆಲವರು ಹೆಂಗಸರನ್ನು ಕರೆದೊಯ್ದರೂ ಒಲೆಯನ್ನೂ ಜೊತೆಗೇ ಕರೆದೊಯ್ಯುತ್ತಾರೆ. ಗಂಡಸರು ಹಿಮಾಲಯವನ್ನು ನೋಡುವಾಗ ಹೆಂಗಸರು ಅನ್ನದ ಗಂಜಿಯನ್ನು ನೋಡುತ್ತಿರುತ್ತಾರೆ. ಇದು ಸಕುಟುಂಬ ಯಾತ್ರೆಯಲ್ಲ. ಅಡಿಗೆಮನೆಯ ಸ್ಥಳಾಂತರ ಮಾತ್ರ. ಎರಡು ಮನೆಯವರು ಒಡಂಬಟ್ಟು, ಈ ವರ್ಷ ನಿಮ್ಮ ದನಗಳಿಗೆ ನಾವು, ಬರುವ ವರ್ಷ ನಮ್ಮ ದನಗಳಿಗೆ ನೀವು ಎಂದು ನೋಡಿಕೊಂಡರೆ ಯಾರೂ ಹಿಂದುಳಿಯಬೇಕಾಗಿಲ್ಲ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಗಳು ದಾರಿಗೆ ಇರಲಿ. ಊರು ಸೇರಿದ ಮೇಲೆ ಅಲ್ಲಿಯವರು ಉಣ್ಣುವ ಅನ್ನ, ಬೇಳೆ, ಸೊಪ್ಪುಗಳನ್ನೇ ಎಲ್ಲರೂ ಕುಳಿತು ಉಣ್ಣಲಿ. ಆ ನಾಲ್ಕು ದಿನವಾದರೂ ಗೃಹಿಣಿಗೆ ಯಾರಾದರೂ ಬಡಿಸಲಿ.

ಇನ್ನೊಂದು ಸಂಗತಿಯನ್ನು ಮರೆತು ಈ ವಿಷಯವನ್ನು ಬರೆಯುವುದು ನಮ್ಮ ಜಿಲ್ಲೆಯವನಿಗೆ ಧರ್ಮವಲ್ಲ. ಯಾದಗಿರಿಯ ರೈಲು ನಿಲ್ದಾಣದಲ್ಲಿ ಸುಗ್ಗಿಯ ತರುವಾಯ ಗಂಟುಮೂಟೆಗಳೊಡನೆ ನಿಂತಿರುವ ಕುಟುಂಬಗಳಲ್ಲಿ ಬಹುಪಾಲು ಯಾತ್ರಿಕರಲ್ಲ, ಗುಳೆ ಹೊರಟವರು. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕೆಲಸಕ್ಕೆಂದು ಗಂಡಹೆಂಡಿರು ಕೂಸುಗಳನ್ನು ಕಟ್ಟಿಕೊಂಡು ಹೋಗುವರು. ಅವರದೂ ಸಕುಟುಂಬ ಪ್ರಯಾಣವೇ. ಭೇದವಿರುವುದು ಎರಡರಲ್ಲಿ: ಹೊರಡುವುದು ಅವರ ಇಚ್ಛೆಯಲ್ಲ, ಮರಳುವ ದಿನವು ನಿಶ್ಚಿತವಲ್ಲ. ಹಾಜರಿ ಪುಸ್ತಕದಲ್ಲಿ ಅಂತಹ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯನ್ನು ಬರೆದವನು ನಾನು. ಅವರು ಮರಳಿ ಬಂದಾಗ ಮರಾಠಿ, ಹಿಂದಿಗಳನ್ನು ಸರಾಗವಾಗಿ ಆಡುತ್ತಿದ್ದರು. ಹತ್ತು ಅಂತಸ್ತಿನ ಮನೆಯು ಹೇಗೆ ಏಳುವುದೆಂಬುದನ್ನು ತಳಪಾಯದಿಂದ ಬಲ್ಲವರಾಗಿದ್ದರು. ಧನಿಕನ ಮಗನು ಸಿಂಗಪುರವನ್ನು ಕಂಡು ಬಂದರೆ ತರಗತಿಯ ಮುಂದೆ ನಿಲ್ಲಿಸಿ ಅನುಭವವನ್ನು ಹೇಳಿಸುತ್ತೇವೆ. ಪುಣೆಯನ್ನು ಕಟ್ಟಿ ಬಂದವರ ಮಗನನ್ನು “ಪಾಠ ತಪ್ಪಿದವನು” ಎಂದು ಹಿಂದಿನ ಸಾಲಿಗೆ ಕಳುಹಿಸುತ್ತೇವೆ. ದೇಶಾಟನದಿಂದ ಜ್ಞಾನ ಬರುವುದೆಂಬುದು ಸತ್ಯವಾದರೆ ಅದು ಬಡವನ ಮಗುವಿಗೂ ಸತ್ಯವಾಗಿರಬೇಕು. ಅಂತಹ ಮಗುವನ್ನು ತಪ್ಪಿದ ಪಾಠಕ್ಕೆ ಮತ್ತೆ ಕೂಡಿಸುವುದು ಹೇಗೆ ಕರ್ತವ್ಯವೋ, ಅದು ಕಂಡುದನ್ನು ಕೇಳುವುದೂ ಹಾಗೆಯೇ ಕರ್ತವ್ಯ. ಓದುವ ತಾಯಂದಿರು ತಮ್ಮ ಮಕ್ಕಳಿಗೆ ಇದನ್ನು ತಿಳಿಸಿಕೊಡುವರೆಂದು ನಂಬುತ್ತೇನೆ.

ಖರ್ಚಿನ ವಿಷಯದಲ್ಲಿ ನನ್ನ ಸಲಹೆಯು ಸಂಕ್ಷಿಪ್ತವಾಗಿದೆ. ಸಾಲ ಮಾಡಿ ಪರದೇಶಕ್ಕೆ ಹೋಗಬಾರದು. ಯಾತ್ರೆಯ ನೆನಪು ಬಡ್ಡಿಯ ನೆನಪಾಗಬಾರದು. ಎರಡು ಮೂರು ವರ್ಷ ಮೊದಲೇ ನಿಶ್ಚಯಿಸಿ, ತೊಗರಿಯೋ ಹತ್ತಿಯೋ ಮಾರಿದ ಹಣದಲ್ಲಿ ಒಂದು ಪಾಲನ್ನು ಬೇರೆ ತೆಗೆದಿರಿಸಬೇಕು. ಆ ಲೆಕ್ಕವನ್ನು ಮಕ್ಕಳಿಂದಲೇ ಬರೆಯಿಸಿದರೆ ಹಣದ ಬೆಲೆಯೂ, ಕಾಯುವ ಸುಖವೂ ಅವರಿಗೆ ತಿಳಿಯುವುದು. ಮದುವೆಯ ಚಪ್ಪರಕ್ಕೂ ಬ್ಯಾಂಡಿಗೂ ಒಂದು ದಿನದಲ್ಲಿ ಕರಗಿಸುವ ಹಣದ ಒಂದಂಶವನ್ನು ಉಳಿಸಿದರೂ ಆರು ಜನ ಗಡಿಯನ್ನು ದಾಟಿ ಬರಬಹುದು. ಅದೂ ಆಗದವರು ಸನ್ನತಿಗೆ ಹೋಗಿ, ಅಶೋಕನ ಕಲ್ಲಿನ ಮುಂದೆ ಮಕ್ಕಳನ್ನು ಒಂದು ಗಳಿಗೆ ಕುಳ್ಳಿರಿಸಿ, ಈ ಅಕ್ಷರವು ಎಲ್ಲಿಂದ ಎಲ್ಲಿಯವರೆಗೆ ನಡೆದಿತ್ತೆಂಬುದನ್ನು ಹೇಳಲಿ. ಆದರೆ ಎಲ್ಲಿಗೆ ಹೋದರೂ ಹೊರಡುವ ಮುನ್ನ ಹೊಸ್ತಿಲ ಒಳಗೆ ಒಮ್ಮೆ ತಿರುಗಿ ನೋಡತಕ್ಕದ್ದು: ಅಲ್ಲಿ ಯಾರಾದರೂ ಉಳಿದಿದ್ದರೆ, ಗಾಡಿಯನ್ನು ಹೊಡೆಯುವುದು ಬೇಡ.