ಮಾಡದ ಸಾಲಕ್ಕೆ ವಸೂಲಿಗಾರರ ಕಾಟ: ಹೆದರಿ ಹಣ ಕಟ್ಟುವ ಮೊದಲು

ಮೈಕ್ರೋ ಫೈನಾನ್ಸ್ ಕಿರುಕುಳದ ಸುದ್ದಿಗಳನ್ನು 2025ರ ಆರಂಭದಲ್ಲಿ ನಾವೆಲ್ಲರೂ ಓದಿದ್ದೇವೆ. ಆ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಸಾರಿತು. ಆದರೆ ಸಾಲವನ್ನೇ ಮಾಡದವರ ಬಾಗಿಲಿಗೂ ವಸೂಲಿಗಾರರು ಬರುತ್ತಾರೆ. ಈ ಬಗ್ಗೆ ಚರ್ಚೆ ಆಗಿದ್ದು ಕಡಿಮೆ.

ಆ್ಯಪ್ ಸಾಲ ಪಡೆದವನ ಮೊಬೈಲಿನಲ್ಲಿ ನಮ್ಮ ನಂಬರ್ ಇದ್ದರೂ ಸಾಕು, ನಮಗೆ ಕರೆ ಬಂದೀತು. ಕೆಲವೊಮ್ಮೆ ನಮ್ಮ ಪಾನ್, ಆಧಾರ್ ಪ್ರತಿ ಬಳಸಿ ಬೇರಾರೋ ಸಾಲ ಎತ್ತಿರುತ್ತಾರೆ. ಹೆಸರಿನ ಗೊಂದಲವೂ ಉಂಟು. ಒಂದೇ ಚರ್ಚಿನ ವ್ಯಾಪ್ತಿಯಲ್ಲಿ ನಾಲ್ಕು ಮಂದಿ ಜಾನ್ ಡಿಸೋಜರು ಸಿಗುವ ಕರಾವಳಿ ನಮ್ಮದು! ಮಕ್ಕಳು ಗಲ್ಫಿನಲ್ಲಿ, ಮನೆಯಲ್ಲಿ ವಯಸ್ಸಾದ ತಂದೆತಾಯಿ. ಗದರಿಸುವ ಕರೆ ಬಂದರೆ ‘ನೆರೆಕರೆಯಲ್ಲಿ ಮರ್ಯಾದೆ ಹೋಗುವುದು ಬೇಡ’ ಎಂದು ಒಂದಿಷ್ಟು ಕಟ್ಟಿಬಿಡುತ್ತಾರೆ. ಎಡವುವುದು ಇಲ್ಲಿಯೇ. ಕಟ್ಟಿದ ಆ ಹಣವನ್ನೇ ಸಾಲ ಒಪ್ಪಿಕೊಂಡ ಪುರಾವೆ ಎಂದು ಅವರು ತೋರಿಸಬಹುದು.

ಮೊದಲು ಕೇಳಬೇಕಾದದ್ದು ಕಾಗದ: ಸಾಲ ಕೊಟ್ಟ ಸಂಸ್ಥೆಯ ಹೆಸರು, ಖಾತೆ ಸಂಖ್ಯೆ, ಒಪ್ಪಂದದ ಪ್ರತಿ. ಒಟಿಪಿಯಾಗಲಿ ಆಧಾರ್ ಆಗಲಿ ಕೊಡಬಾರದು. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಸಂಸ್ಥೆಗಳಿಗೆ ತಾಕೀತು ಮಾಡಿದೆ. ಆದ್ದರಿಂದ ಕರೆ ಬಂದ ದಿನ, ವೇಳೆ ಬರೆದಿಡಬೇಕು. ‘ಈ ಸಾಲ ನನ್ನದಲ್ಲ’ ಎಂದು ಸಂಸ್ಥೆಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಿಬಿಲ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ತಿ ವರದಿ ಕೊಡಬೇಕು. ಗೊತ್ತಿಲ್ಲದ ಸಾಲ ಅದರಲ್ಲಿದ್ದರೆ ತಿದ್ದಿಸಬಹುದು. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ.

ಕಹಿಯಾದರೂ ಒಂದು ಮಾತು ಹೇಳಲೇಬೇಕು. ‘ನಾನು ಸಾಲ ಮಾಡಿಲ್ಲ, ಸಹಿ ಮಾತ್ರ ಹಾಕಿದ್ದು’ ಎನ್ನುವವರು ನಮ್ಮಲ್ಲಿ ಬಹಳ. ಆ ಸಹಿ ಜಾಮೀನಿನದ್ದಾದರೆ 1872ರ ಕರಾರು ಕಾಯಿದೆಯ ಪ್ರಕಾರ ಹೊಣೆ ಸಾಲಗಾರನಷ್ಟೇ. ಅಲ್ಲಿ ಕಾನೂನು ನಮ್ಮ ಕೈ ಹಿಡಿಯದು. ತೀರಿಹೋದ ತಂದೆಯ ಸಾಲ ಹಾಗಲ್ಲ. ಜಾಮೀನಾಗದ ಮಕ್ಕಳು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಏನೂ ಬಂದಿಲ್ಲವಾದರೆ ಕೊಡಬೇಕಾದ್ದೂ ಇಲ್ಲ.

ಇಂತಹ ಕರೆ ಬಂದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ವಾರ್ಡಿನ ಗುರಿಕಾರರಿಗೆ ಸುಳಿವು ಸಿಕ್ಕರೆ ಅವರ ಜೊತೆಗೇ ಠಾಣೆಗೆ ಹೋಗಿಬರಲಿ. ಆನ್‌ಲೈನ್‌ನಲ್ಲಿ ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.